ಗೇಟ್ ದಾಟಿದವರ ಸ್ಟೈಪೆಂಡು

ಬೆಂಗಳೂರಿನ ಹಳಬರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಆಗ ಇದ್ದ ಬೆರಳೆಣಿಕೆಯ ವಿಭಾಗಗಳಲ್ಲಿ ಎಲೆಕ್ಟ್ರಿಕಲ್ ಟೆಕ್ನಾಲಜಿಯೂ ಒಂದು. 1902ರಲ್ಲೇ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಗಣಿಗಳಿಗೆ ಹರಿಸಿದ್ದ ಸೀಮೆಗೆ ಅದು ತಕ್ಕದ್ದೇ ಆಗಿತ್ತು. ಅಲ್ಲಿ ಏರೋನಾಟಿಕ್ಸ್ ವಿಭಾಗ ಶುರುವಾದದ್ದು 1942ರಲ್ಲಿ. ಮಹಾಯುದ್ಧ ನಡೆಯುತ್ತಿತ್ತು, ಎರಡು ವರ್ಷ ಮೊದಲೇ ಅದೇ ಊರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ತಲೆಯೆತ್ತಿತ್ತು. ನಮ್ಮಲ್ಲಿ ಎಂಜಿನಿಯರಿಂಗ್ ಸಂಶೋಧನೆಗೆ ಹಣ ಬಿಚ್ಚಿದ್ದು ಹೆಚ್ಚಾಗಿ ಹೀಗೆ, ಯಾವುದೋ ತುರ್ತು ಬಾಗಿಲು ತಟ್ಟಿದಾಗ.

ಸ್ವಾತಂತ್ರ್ಯದ ನಂತರದ ತುರ್ತು ಮೇಷ್ಟ್ರುಗಳದ್ದು. 1951ರಲ್ಲಿ ಖರಗ್‌ಪುರದ ಐಐಟಿ, 1960ರಲ್ಲಿ ಸುರತ್ಕಲ್ಲಿನ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ಎಂದು ಸಾಲುಸಾಲಾಗಿ ಸಂಸ್ಥೆಗಳು ಎದ್ದವು. ಕಟ್ಟಡ ಎದ್ದಷ್ಟು ಬೇಗ ಕಲಿಸುವವರು ಸಿಗಬೇಕಲ್ಲ. 1970ರಲ್ಲಿ ಬಂದ ಗುಣಮಟ್ಟ ಸುಧಾರಣಾ ಯೋಜನೆ (ಕ್ಯೂಐಪಿ) ಕಾಲೇಜು ಅಧ್ಯಾಪಕರನ್ನು ಎಂ.ಟೆಕ್, ಪಿಎಚ್.ಡಿಗೆಂದು ದೊಡ್ಡ ಸಂಸ್ಥೆಗಳಿಗೆ ಕಳಿಸಿಕೊಟ್ಟಿತು. ಕ್ಯೂಐಪಿಯಲ್ಲಿ ಓದಿಬಂದವರು ಎಂಬ ಮಾತಿಗೆ ಸ್ಟಾಫ್‌ರೂಮಿನಲ್ಲಿ ಒಂದು ತೂಕವಿತ್ತು.

ನನ್ನ ಲೆಕ್ಕದಲ್ಲಿ ನಿಜವಾದ ತಿರುವು 1983ರಲ್ಲಿ ಎಂ.ಟೆಕ್ ಪ್ರವೇಶಕ್ಕೆಂದು ದೇಶಕ್ಕೆಲ್ಲ ಒಂದೇ ಆಗಿ ಬಂದ ಗೇಟ್ ಪರೀಕ್ಷೆ. ಶಿಫಾರಸು, ಪರಿಚಯ, ಕಾಲೇಜಿನ ಹೆಸರು ಇವ್ಯಾವುದರ ಹಂಗೂ ಇಲ್ಲದೆ, ಸಣ್ಣ ಊರಿನ ಹುಡುಗಿಯೊಬ್ಬಳು ಒಂದೇ ಅಂಕಪಟ್ಟಿ ಹಿಡಿದು ಸೀಟನ್ನೂ ಸ್ಟೈಪೆಂಡನ್ನೂ ಕೇಳಬಹುದಾಯಿತು. ಹಣ ಪುಕ್ಕಟೆಯಲ್ಲ. ವಾರಕ್ಕೆ ಎಂಟು ಗಂಟೆ ಟೀಚಿಂಗ್ ಅಸಿಸ್ಟೆಂಟ್ ಕೆಲಸ ಮಾಡಬೇಕು: ಕಿರಿಯರ ಲ್ಯಾಬ್‌ನಲ್ಲಿ ಆಸಿಲೋಸ್ಕೋಪಿನ ಮುಂದೆ ನಿಂತು ತಪ್ಪು ವೈರಿಂಗ್ ಬಿಡಿಸುವುದು, ಅಸೈನ್‌ಮೆಂಟ್ ತಿದ್ದುವುದು. ವಿಷಯ ಗಟ್ಟಿಯಾದದ್ದು ಕ್ಲಾಸಿನಲ್ಲಿ ಕೂತಾಗ ಅಲ್ಲ, ಈ ಎಂಟು ಗಂಟೆಗಳಲ್ಲಿ ಎನ್ನುವವರು ಬಹಳ ಮಂದಿ.

ಮೊತ್ತದ ಕಥೆ ಬೇರೆ. ಐಟಿ ಕಂಪನಿಗಳು ಕ್ಯಾಂಪಸ್ಸಿಗೇ ಬಂದು ಕೆಲಸ ಕೊಡತೊಡಗಿದ ಮೇಲೆ ಬಿ.ಇ. ಮುಗಿಸಿದವರಿಗೆ ಸಂಶೋಧನೆ ಎಂದರೆ ಸಂಬಳ ಬಿಟ್ಟುಕೊಡುವ ಮಾತಾಯಿತು. ಪಿಎಚ್.ಡಿ ಮಾಡುವವರ ಜೂನಿಯರ್ ರಿಸರ್ಚ್ ಫೆಲೋಶಿಪ್ (ಜೆಆರ್‌ಎಫ್) 2014ರಲ್ಲಿ ತಿಂಗಳಿಗೆ 25,000 ರೂಪಾಯಿಗೆ, 2019ರಲ್ಲಿ 31,000ಕ್ಕೆ, 2023ರಲ್ಲಿ 37,000ಕ್ಕೆ ಏರಿತು. ಇದು ತಾನಾಗಿ ಏರಿದ್ದಲ್ಲ. ಸಂಶೋಧನಾರ್ಥಿಗಳು ಪತ್ರ ಬರೆದು, ಫಲಕ ಹಿಡಿದು, ದೆಹಲಿಯ ಬೀದಿಯಲ್ಲಿ ಕೂತು ಕೇಳಿದ ಮೇಲೆ ಏರಿದ್ದು. ತುಟ್ಟಿಭತ್ಯೆಯ ಹಾಗೆ ಇದಕ್ಕೂ ಒಂದು ಸೂತ್ರ ಕಟ್ಟಲು ಯಾರ ಅಡ್ಡಿ ಇದೆಯೋ ತಿಳಿಯದು. ಎಂ.ಟೆಕ್‌ನವರ ಪಾಡು ಇನ್ನೂ ಕಷ್ಟ. ಅವರ 12,400 ರೂಪಾಯಿ ವರ್ಷಗಟ್ಟಲೆ ಕದಲಲೇ ಇಲ್ಲ. ಕೂಗಲು ಅವರಿಗೆ ಪುರುಸೊತ್ತಾದರೂ ಎಲ್ಲಿ? ಇರುವುದು ಎರಡೇ ವರ್ಷ, ಅದರಲ್ಲೊಂದು ಪ್ಲೇಸ್‌ಮೆಂಟಿಗೆ ಹೋಗುತ್ತದೆ.

2014ರಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಐಟಿಗೆಂದೇ ನಮ್ಮ ವಿಶ್ವೇಶ್ವರಯ್ಯನವರ ಹೆಸರಿನ ಪಿಎಚ್.ಡಿ ಯೋಜನೆ ಬಂತು. 2018ರ ಬಜೆಟ್ಟಿನಲ್ಲಿ ಘೋಷಣೆಯಾದ ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ಎಲ್ಲರ ಹುಬ್ಬೇರಿಸಿತು: ಮೊದಲೆರಡು ವರ್ಷ ತಿಂಗಳಿಗೆ 70,000, ಕೊನೆಗೆ 80,000, ಜೊತೆಗೆ ವರ್ಷಕ್ಕೆ 2 ಲಕ್ಷ ಸಂಶೋಧನಾ ಅನುದಾನ. ಆರಂಭದಲ್ಲಿ ಅದು ಐಐಟಿ, ಎನ್‌ಐಟಿಯಂಥ ಸಂಸ್ಥೆಗಳಲ್ಲಿ ಓದಿದವರಿಗಷ್ಟೇ ಇತ್ತು. ಆಮೇಲೆ ಉಳಿದ ಕಾಲೇಜಿನವರಿಗೂ ಬಾಗಿಲು ತೆರೆದರು, 2020ರಲ್ಲಿ ನಿಯಮ ಸಡಿಲಿಸಿ ಅವರ ಗೇಟ್ ಅಂಕದ ಮಿತಿಯನ್ನು 750ರಿಂದ 650ಕ್ಕೆ ಇಳಿಸಿದರು. ಸರಿಯಾದ ಹೆಜ್ಜೆಯೇ. ಆದರೂ ಒಂದೇ ಲ್ಯಾಬಿನ ಒಂದೇ ಬೆಂಚಿನಲ್ಲಿ ಒಬ್ಬರಿಗೆ 37,000, ಪಕ್ಕದವರಿಗೆ ಅದರ ಹತ್ತಿರ ಹತ್ತಿರ ಎರಡರಷ್ಟು ಎಂಬ ವ್ಯವಸ್ಥೆ ನನಗೆ ಇಂದಿಗೂ ಒಗ್ಗಿಲ್ಲ.

ಇತ್ತ ಖಾಸಗಿ ಕಾಲೇಜುಗಳ ಅಧ್ಯಾಪಕರಲ್ಲಿ ಅನೇಕರು ಕೈಯಿಂದಲೇ ಶುಲ್ಕ ಕಟ್ಟಿ, ಪಾಠ, ಪರೀಕ್ಷೆ, ಮಾನ್ಯತೆಯ ಕಡತಗಳ ನಡುವೆ ಅರೆಕಾಲಿಕ ಪಿಎಚ್.ಡಿ ನಡೆಸುತ್ತಾರೆ. ಪೂರ್ಣಾವಧಿಯವರಿಗೂ ಐದು ವರ್ಷ ಕಳೆಯುವಾಗ ಎದೆ ಹೊಡೆದುಕೊಳ್ಳುತ್ತದೆ. ಉಪಕರಣ ತಡವಾಗಿ ಬಂದಿರಬಹುದು, ಪ್ರಬಂಧ ಪರಿಷ್ಕರಣೆಗೆ ವಾಪಸಾಗಿರಬಹುದು, ಫೆಲೋಶಿಪ್ ಮಾತ್ರ ದಿನ ಎಣಿಸಿ ನಿಲ್ಲುತ್ತದೆ. ಆಮೇಲಿನ ತಿಂಗಳುಗಳು ಮಾರ್ಗದರ್ಶಕರ ಪ್ರಾಜೆಕ್ಟಿನಲ್ಲಿ ಉಳಿದ ಹಣದ ಮೇಲೆ ನಡೆಯುತ್ತವೆ, ಅಂಥ ಪ್ರಾಜೆಕ್ಟು ಇದ್ದರೆ.