ಹಾರ್ಮೋನು: ಪರಿಕಲ್ಪನೆಯ ಇತಿಹಾಸ

ಶರೀರದ ಒಂದೆಡೆ ಹುಟ್ಟಿ, ರಕ್ತದಲ್ಲಿ ಹರಿದು, ದೂರದ ಮತ್ತೊಂದು ಅಂಗದ ಕೆಲಸವನ್ನು ಚುರುಕುಗೊಳಿಸುವ ಇಲ್ಲವೆ ತಡೆಯುವ ರಾಸಾಯನಿಕ. ಕನ್ನಡದಲ್ಲಿ ಚೋದಕ ಎಂದೂ ಕರೆಯುವುದುಂಟು. ಅಂಗಗಳನ್ನು ಹೊಂದಿಸಿ ನಡೆಸುವುದು ಮುಖ್ಯವಾಗಿ ನರಗಳೇ ಎಂಬ ನಂಬಿಕೆ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಬಲವಾಗಿತ್ತು.

ಆ ನಂಬಿಕೆಯನ್ನು ಅಲುಗಿಸಬಹುದಾಗಿದ್ದ ಪ್ರಯೋಗ 1849ರಲ್ಲೇ ನಡೆದಿತ್ತು. ಜರ್ಮನಿಯ ಗಾಟಿಂಗನ್‌ನಲ್ಲಿ ಆರ್ನಾಲ್ಡ್ ಬರ್ತೋಲ್ಡ್ ಎಳೆಯ ಹುಂಜಗಳ ಬೀಜ ತೆಗೆದ. ಅವು ಬೆಳೆದಾಗ ಜುಟ್ಟು ಸೊರಗಿತ್ತು, ಹುಂಜದ ಕೂಗೂ ಇರಲಿಲ್ಲ. ತೆಗೆದ ಬೀಜವನ್ನು ಮತ್ತೆ ಹೊಟ್ಟೆಯೊಳಗೆ ನೆಟ್ಟ ಹುಂಜಗಳು ಮಾತ್ರ ಕೆಂಪು ಜುಟ್ಟು ಬಿಟ್ಟು, ಕೂಗಿ, ಕಾದಾಡಿದವು. ಹಳೆಯ ನರಗಳ ನಂಟು ಕಡಿದಿದ್ದರಿಂದ, ಪ್ರಭಾವ ಬಂದದ್ದು ರಕ್ತದ ಮೂಲಕವೇ ಎಂದು ಆತ ತರ್ಕಿಸಿದ. ಸರಿಯಾದ ತರ್ಕವೇ, ಆದರೂ ಬಹುಕಾಲ ಯಾರೂ ಅದನ್ನು ಮುಂದುವರಿಸಲಿಲ್ಲ. ಅಂಗವೊಂದು ರಕ್ತಕ್ಕೆ ವಸ್ತುವನ್ನು ಬಿಡಬಲ್ಲದು ಎಂಬುದಕ್ಕೆ ಇನ್ನೊಂದು ಪುರಾವೆಯೂ ದೊರೆಯಿತು: ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಮುಂದೆ, ಯಕೃತ್ತು ಸಕ್ಕರೆಯನ್ನು ನೇರವಾಗಿ ರಕ್ತಕ್ಕೆ ಬಿಡುತ್ತದೆಂದು ತೋರಿಸಿದ.

ನಿರ್ಣಾಯಕ ಉತ್ತರ ಸಿಕ್ಕಿದ್ದು ಜೀರ್ಣಾಂಗಗಳಲ್ಲಿ. ಜಠರದ ಆಮ್ಲ ಸಣ್ಣ ಕರುಳಿಗೆ ಇಳಿದೊಡನೆ ಮೇದೋಜೀರಕ ಗ್ರಂಥಿ ರಸ ಸುರಿಸುತ್ತದೆ. ಆಮ್ಲ ಬಂದ ಸುದ್ದಿ ಅದಕ್ಕೆ ಮುಟ್ಟುವುದು ಹೇಗೆ? ನರಗಳಿಂದ ಎಂದಿತ್ತು ರಷ್ಯಾದ ಇವಾನ್ ಪಾವ್ಲೊವ್‌ನ ಬಳಗ. 1902ರ ಜನವರಿ 16ರಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅರ್ನೆಸ್ಟ್ ಸ್ಟಾರ್ಲಿಂಗ್ ಮತ್ತು ಆತನ ಸೋದರಿಯ ಗಂಡ ವಿಲಿಯಂ ಬೇಲಿಸ್ ಇದನ್ನು ಪರೀಕ್ಷೆಗೆ ಒಡ್ಡಿದರು. ಅರಿವಳಿಕೆ ಕೊಟ್ಟ ನಾಯಿಯ ಸಣ್ಣ ಕರುಳಿನ ಒಂದು ಭಾಗವನ್ನು ಎರಡೂ ತುದಿ ಕಟ್ಟಿ ಬೇರ್ಪಡಿಸಿ, ಅದರ ನರಗಳನ್ನು ಕತ್ತರಿಸಿದರು. ಉಳಿಸಿದ್ದು ರಕ್ತನಾಳಗಳನ್ನು ಮಾತ್ರ. ಒಳಗೆ ತೆಳು ಆಮ್ಲ ಹಾಕಿದರು. ಗ್ರಂಥಿಯ ನಾಳದಿಂದ ರಸ ತೊಟ್ಟಿಕ್ಕತೊಡಗಿತು. ಹಾಗಾದರೆ ಕರುಳೇ ಏನನ್ನೋ ರಕ್ತಕ್ಕೆ ಬಿಡುತ್ತಿರಬೇಕು! ಸ್ಟಾರ್ಲಿಂಗ್ ಕೂಡಲೇ ಕರುಳಿನ ಒಳಪದರವನ್ನು ಕೆರೆದು, ಮರಳು ಮತ್ತು ಆಮ್ಲದೊಂದಿಗೆ ಅರೆದು, ಸೋಸಿ, ಆ ದ್ರವವನ್ನು ನಾಯಿಯ ಅಭಿಧಮನಿಗೆ ಚುಚ್ಚಿದ. ರಸ ಮತ್ತೆ ಒಸರಿತು. ಅಷ್ಟು ದೊಡ್ಡ ಪ್ರಶ್ನೆ ಒಂದೇ ದಿನದಲ್ಲಿ, ಅರೆಯುವ ಒರಳಿನಲ್ಲಿ ತೀರ್ಮಾನವಾದದ್ದು ಇಂದಿಗೂ ರೋಮಾಂಚನ ತರುತ್ತದೆ. ಆ ವಸ್ತುವಿಗೆ ಅವರಿಟ್ಟ ಹೆಸರು ಸೆಕ್ರೆಟಿನ್. ಇಂಥ ಎಲ್ಲ ಸಂದೇಶವಾಹಕಗಳಿಗೂ ಒಪ್ಪುವ ಹಾರ್ಮೋನು ಎಂಬ ಪದವನ್ನು ಸ್ಟಾರ್ಲಿಂಗ್ 1905ರಲ್ಲಿ ಬಳಕೆಗೆ ತಂದ. ಚೋದಿಸು ಎಂಬರ್ಥದ ಗ್ರೀಕ್ ಪದ ಇದರ ಮೂಲ.

1921ರಲ್ಲಿ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಅದೇ ಮೇದೋಜೀರಕದಿಂದ ಇನ್ಸುಲಿನ್ ಎಂಬ ಹಾರ್ಮೋನನ್ನು ಪಡೆದರು. ಮರುವರ್ಷವೇ ಅದು ಮಧುಮೇಹದ 14 ವರ್ಷದ ಹುಡುಗನೊಬ್ಬನ ಜೀವ ಉಳಿಸಿತು.

ಪಾವ್ಲೊವ್ ಹೇಳಿದ ನರಗಳ ಪಾತ್ರವೂ ಸುಳ್ಳಾಗಲಿಲ್ಲ. ಮೇದೋಜೀರಕ ನರ, ಹಾರ್ಮೋನು ಎರಡರ ಮಾತನ್ನೂ ಕೇಳುತ್ತದೆ. ಎರಡು ದಾರಿಗಳೂ ಕೂಡುವ ಜಾಗ ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್. ಅಲ್ಲಿನ ನರಕೋಶಗಳೇ ಹಾರ್ಮೋನು ತಯಾರಿಸಿ, ಕಿರು ರಕ್ತನಾಳಗಳ ಮೂಲಕ ಪಿಟ್ಯುಟರಿ ಗ್ರಂಥಿಗೆ ಕಳಿಸುತ್ತವೆಂದು ಬ್ರಿಟನ್ನಿನ ಜೆಫ್ರಿ ಹ್ಯಾರಿಸ್ ವಾದಿಸಿದ್ದ. ಆ ವಾದಕ್ಕೆ ಪುರಾವೆ ಹುಡುಕುತ್ತ, ವಿಜ್ಞಾನಿಗಳಾದ ರೋಜರ್ ಗಿಲ್ಮಾನ್ ಮತ್ತು ಆಂಡ್ರ್ಯೂ ಶ್ಯಾಲಿ ಪರಸ್ಪರ ಪೈಪೋಟಿಯಲ್ಲಿ, ಲಕ್ಷಾಂತರ ಕುರಿ ಮತ್ತು ಹಂದಿಗಳ ಮಿದುಳಿನ ಚೂರುಗಳನ್ನು ಸಂಸ್ಕರಿಸಿ, 1969ರಲ್ಲಿ ಅಂಥ ಮೊದಲ ಹಾರ್ಮೋನಿನ ರಚನೆಯನ್ನು ಬಿಡಿಸಿದರು. ಲಕ್ಷಗಟ್ಟಲೆ ಚೂರುಗಳಿಂದ ಅವರಿಗೆ ದಕ್ಕಿದ್ದು ಮಿಲಿಗ್ರಾಂ ಲೆಕ್ಕದ ಪುಡಿ.