ಗಲ್ಫ್ ಬಿಟ್ಟು ಬರುವ ಮೊದಲೇ ಆರೋಗ್ಯ ವಿಮೆ ಯಾಕೆ?

ಕಾಸರಗೋಡು, ಉಪ್ಪಳ, ಮಂಜೇಶ್ವರ ಭಾಗದ ಬಹಳಷ್ಟು ಮನೆಗಳು ನಡೆಯುವುದು ಗಲ್ಫ್ ದುಡಿಮೆಯಲ್ಲಿ. ಅಲ್ಲಿ ಕೆಲಸದಲ್ಲಿರುವವರಿಗೆ ಕಂಪೆನಿಯ ಇನ್ಶೂರೆನ್ಸ್ ಕಾರ್ಡ್ ಇರುತ್ತದೆ. ಯುಎಇಯಲ್ಲಂತೂ 2025ರ ಜನವರಿ 1ರಿಂದ ಎಲ್ಲ ಎಮಿರೇಟ್‌ಗಳಲ್ಲೂ ಇದು ಕಡ್ಡಾಯ. ಆದರೆ ವೀಸಾ ಕ್ಯಾನ್ಸಲ್ ಆದರೆ ಆ ಕಾರ್ಡ್ ಕೂಡ ಮುಗಿಯಿತು. ಊರಲ್ಲಿರುವ ಉಮ್ಮ, ಉಪ್ಪ, ಹೆಂಡತಿ, ಮಕ್ಕಳು ಸಾಮಾನ್ಯವಾಗಿ ಅದರಲ್ಲಿ ಸೇರಿರುವುದೂ ಇಲ್ಲ.

ಐವತ್ತರ ಪ್ರಾಯದಲ್ಲಿ ಶುಗರ್, ಬಿಪಿ ಜೊತೆ ಊರಿಗೆ ಬಂದು ಪಾಲಿಸಿ ತೆಗೆಯುವವರು ಸಿಕ್ಕಿಬೀಳುವುದು ಕಾಯುವ ಅವಧಿಯಲ್ಲಿ. ಮೊದಲೇ ಇದ್ದ ಕಾಯಿಲೆಗೆ ಕಂಪೆನಿಗಳು 36 ತಿಂಗಳವರೆಗೆ ಹಣ ಕೊಡದೇ ಇರಬಹುದು. 2024ರ ಏಪ್ರಿಲ್‌ಗೆ ಮೊದಲು ಇದು 48 ತಿಂಗಳಿತ್ತು. ಅನಿವಾಸಿಯಾಗಿರುವಾಗಲೇ ಊರಿನ ಪಾಲಿಸಿ ತೆಗೆದು ತಪ್ಪದೆ ರಿನೀವಲ್ ಮಾಡಿದರೆ ಈ ಲೆಕ್ಕ ಅಲ್ಲಿರುವಾಗಲೇ ಓಡುತ್ತದೆ. ಕಾಯಿಲೆ ಮುಚ್ಚಿಟ್ಟು ಫಾರ್ಮ್ ತುಂಬಿಸುವುದು ಬೇಡ, ಕ್ಲೈಮ್ ತಿರಸ್ಕಾರಕ್ಕೆ ಅದೊಂದೇ ಸಾಕು. ಅಂಗಡಿಗೆ, ಬೈಕಿಗೆ ವಿಮೆ ಕಟ್ಟಿ ತನಗೆ ಮಾತ್ರ ಕಟ್ಟದವರು ನಮ್ಮಲ್ಲಿ ಕಡಿಮೆಯಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಫ್ಯಾಮಿಲಿ ಪಾಲಿಸಿಗಳ ಮೇಲಿದ್ದ 18 ಶೇಕಡಾ ಜಿಎಸ್‌ಟಿಯೂ ಹೋಗಿದೆ.

ಪಾಲಿಸಿ ತೆಗೆಯುವಾಗ ರೂಮ್ ಬಾಡಿಗೆಯ ಮಿತಿ ನೋಡಲೇಬೇಕು. ದಿನಕ್ಕೆ 3,000 ರೂಪಾಯಿ ಮಿತಿಯಿದ್ದು 6,000ದ ರೂಮ್ ಹಿಡಿದರೆ ಬಾಡಿಗೆ ಮಾತ್ರವಲ್ಲ, ಡಾಕ್ಟರ್ ಫೀಸು, ಆಪರೇಷನ್ ಚಾರ್ಜು ಕೂಡ ಅದೇ ಅನುಪಾತದಲ್ಲಿ, ಅಂದರೆ ಅರ್ಧಕ್ಕೆ ಕಡಿತವಾಗಬಹುದು. ಒಂದು ಲಕ್ಷದ ಬಿಲ್ಲಿನಲ್ಲಿ ಐವತ್ತು ಸಾವಿರದವರೆಗೂ ಕೈಯಿಂದ ಹೋಗಬಹುದು.

ಕೇರಳ ಸರಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯ ಪಟ್ಟಿಯಲ್ಲಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಒಳರೋಗಿ ಚಿಕಿತ್ಸೆ ಉಚಿತ. ಇಲ್ಲಿ ಪ್ರಾಯದ ಮಿತಿಯಿಲ್ಲ, ಹಳೇ ಕಾಯಿಲೆಗೆ ಕಾಯುವ ಅವಧಿಯೂ ಇಲ್ಲ. ಆದರೆ ಗಡಿಯ ಜನ ದೊಡ್ಡ ಕಾಯಿಲೆಗೆ ಓಡುವುದು ಮಂಗಳೂರಿಗೆ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಆ ಅವಲಂಬನೆ ಎಷ್ಟೆಂದು ಎಲ್ಲರಿಗೂ ಗೊತ್ತಾಗಿದೆ. ಹಾಗಾಗಿ ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಅಡ್ಮಿಟ್ ಆಗುವ ಮೊದಲೇ ಕೇಳಬೇಕು. ಖಾಸಗಿ ಪಾಲಿಸಿಯಾದರೂ ಅಷ್ಟೇ, ಕಂಪೆನಿಯ ನೆಟ್‌ವರ್ಕ್ ಪಟ್ಟಿಯಲ್ಲಿ ಮಂಗಳೂರಿನ ಯಾವ ಆಸ್ಪತ್ರೆಗಳಿವೆ ಎಂದು ನೋಡಿಯೇ ಹಣ ಕಟ್ಟುವುದು ಒಳ್ಳೆಯದು.

ಕ್ಯಾಶ್‌ಲೆಸ್ ಅರ್ಜಿ ತಲುಪಿದ ಒಂದು ಗಂಟೆಯೊಳಗೆ ಕಂಪೆನಿ ತೀರ್ಮಾನ ಹೇಳಬೇಕೆಂಬ ನಿಯಮ 2024ರಲ್ಲಿ ಬಂದಿದೆ. ಪಾಲಿಸಿ ಕಾಗದ ಗಂಡಸರ ಮೊಬೈಲಿನಲ್ಲಿ ಮಾತ್ರ ಇದ್ದರೆ ಅರ್ಧರಾತ್ರಿ ಅಡ್ಮಿಟ್ ಮಾಡಿಸುವ ಹೆಂಗಸರಿಗೆ ಆ ಅರ್ಜಿ ಹಾಕುವುದೇ ಕಷ್ಟ. ಒಂದು ಪ್ರಿಂಟ್ ಮನೆಯ ಕಪಾಟಿನಲ್ಲೂ ಇರಲಿ.