ಧಾತು–ಈಶ್ವರದ ಬರ ಮತ್ತು ಒಂದು ಕಛೇರಿ

ಕನ್ನಡ ಪಾಠ ಹೇಳುವವನಿಗೆ ‘ಧಾತು’ ಎಂದೊಡನೆ ನೆನಪಾಗುವುದು ವ್ಯಾಕರಣ. ಹಳೆಯ ಮೈಸೂರಿನ ಹಿರಿಯರಿಗಾದರೋ ಅದು ಒಂದು ಸಂವತ್ಸರದ ಹೆಸರು. ಆ ಸಂವತ್ಸರದ ಹೆಸರೇ ಹಸಿವಿನ ಹೆಸರು. 1876ರ ಯುಗಾದಿಗೆ ಧಾತು ಕಾಲಿಟ್ಟಿತು, ಮರುವರ್ಷ ಈಶ್ವರ. ಎರಡು ವರ್ಷಗಳ ಆ ಕ್ಷಾಮ ಜನರ ಬಾಯಲ್ಲಿ ಧಾತು–ಈಶ್ವರದ ಬರವೆಂದೇ ಉಳಿಯಿತು. ಅದರ ಮುಂದಿನ ಸಂವತ್ಸರದ ಹೆಸರು ಬಹುಧಾನ್ಯ! ಪಂಚಾಂಗಕ್ಕೂ ಹಾಸ್ಯವುಂಟು ಎನ್ನೋಣವೆಂದರೆ ನಾಲಗೆ ಏಳುವುದಿಲ್ಲ.

ವಿಜಯನಗರ, ಕೆಂಗೇರಿಗಳ ಕಡೆ ವಾಸಿಸುವ ನಮಗೆ ಆ ಬರದ ಒಂದು ಗುರುತು ದಿನವೂ ಕಣ್ಣಿಗೆ ಬೀಳುತ್ತದೆ. ಬೆಂಗಳೂರಿನಿಂದ ಕೆಂಗೇರಿಯ ಮೇಲೆ ಮೈಸೂರಿಗೆ ಹೋಗುವ ರೈಲುದಾರಿಯ ಕೆಲಸ ಆರಂಭವಾದದ್ದು ಬರಪರಿಹಾರದ ಕಾಮಗಾರಿಯಾಗಿ. ಇಂದು ಅಲ್ಲಿ ಜೋಡಿ ಹಳಿಯಿದೆ, ವಿದ್ಯುತ್ತಿದೆ. ಅಂದು ಅದು ಮೀಟರ್ ಗೇಜಿನ ಒಂಟಿ ದಾರಿ. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಬೆಳಿಗ್ಗೆ ಆ ದಾರಿಯಲ್ಲೇ ಬರುತ್ತಾರೆ. ಹೊಟ್ಟೆಗಿಲ್ಲದವರು ಬುಟ್ಟಿಯಲ್ಲಿ ಮಣ್ಣು ಹೊತ್ತು ಮೊದಲುಮಾಡಿದ ದಾರಿಯಿದು ಎಂದರೆ ಅವರು ನಂಬಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

ಮೈಸೂರು ಆಗ ಅರಸರ ಕೈಯಲ್ಲಿರಲಿಲ್ಲ. 1831ರಿಂದ ಇಂಗ್ಲಿಷ್ ಕಮಿಷನರ ಆಡಳಿತ. 1876ರಲ್ಲಿ ಮುಂಗಾರೂ ಕೈಕೊಟ್ಟಿತು, ಹಿಂಗಾರೂ ಕೈಕೊಟ್ಟಿತು. ಬರವನ್ನು ಎದುರಿಸುವುದಕ್ಕೆಂದೇ ಒಂದು ಇಲಾಖೆಯಿರಲಿಲ್ಲ. ಕಂದಾಯ ವಸೂಲಿಯ ಅಮಲ್ದಾರರೇ ಗಂಜಿಯ ಕೊಪ್ಪರಿಗೆಯನ್ನೂ ನೋಡಿಕೊಳ್ಳಬೇಕಾಯಿತು. ಮದ್ರಾಸಿನ ಕಡೆಯ ರೈಲು 1864ರಲ್ಲೇ ಬೆಂಗಳೂರಿಗೆ ಬಂದಿದ್ದರಿಂದ ಧಾನ್ಯ ಇಲ್ಲಿಯವರೆಗೆ ಬರುತ್ತಿತ್ತು. ಮುಂದೆ ಒಳನಾಡಿಗೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳೇ ಸಾಯುತ್ತಿದ್ದಾಗ ಗಾಡಿ ಎಳೆಯುವವರಾರು? ಹೀಗಾಗಿ ಮೂಟೆಗಳು ಒಂದು ಕಡೆ, ಹಸಿದವರು ಇನ್ನೊಂದು ಕಡೆ. ಊರು ಬಿಟ್ಟು ಹೊರಟ ಜನ ಮೂಟೆಯಿದ್ದ ಕಡೆಗೆ ನಡೆದರು, ಅಂದರೆ ಬೆಂಗಳೂರಿಗೆ. ಎಷ್ಟೋ ಮಂದಿ ತಲುಪಲಿಲ್ಲ.

ಅದೇ ಕಾಲದಲ್ಲಿ ದಕ್ಷಿಣದ ಪರಿಹಾರಕಾರ್ಯ ನೋಡಲು ಬಂದ ಸರ್ ರಿಚರ್ಡ್ ಟೆಂಪಲ್ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ, ಅದರ ಮೇಲೆ ಸ್ವಲ್ಪ ಕಾಸು ಎಂದು ಇಳಿಸಿದರು. ಮಣ್ಣು ಹೊರುವವನಿಗೆ ಅಷ್ಟು ಸಾಲದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ವಾದಿಸಿದರು. ವಾದದಲ್ಲಿ ಯಾರು ಸರಿಯೆಂಬುದನ್ನು ಶಿಬಿರಗಳೇ ಹೇಳುತ್ತಿದ್ದುವು.

1877ರ ಸೆಪ್ಟೆಂಬರಿನಲ್ಲಿ ವೈಸರಾಯ್ ಲಾರ್ಡ್ ಲಿಟನ್ ಬೆಂಗಳೂರು ಮೈಸೂರುಗಳಿಗೆ ಬಂದುಹೋದರು. ಆ ಬಳಿಕ ಬರಗಾಲಕ್ಕೆಂದೇ ಒಂದು ಕಛೇರಿ ನಿಂತಿತು. ಅದರ ಮುಖ್ಯಸ್ಥ ಚಾರ್ಲ್ಸ್ ಎಲಿಯಟ್. ಉತ್ತರ ಹಿಂದುಸ್ಥಾನದಲ್ಲಿ ಕಂದಾಯದ ಲೆಕ್ಕದಲ್ಲಿ ಪಳಗಿದ ಅಧಿಕಾರಿ. ಸಾಹಿತ್ಯದವರು ಈತನನ್ನು ಇನ್ನೊಂದು ಕಾರಣಕ್ಕೆ ನೆನೆಯಬಹುದು: ಫರೂಕಾಬಾದಿನ ಹಾಡುಗಾರರ ಬಾಯಿಂದ ಆಲ್ಹಾನ ವೀರಗೀತೆಗಳನ್ನು ಮೊದಲು ಬರೆಸಿಕೊಂಡವರು ಇವರೇ. ಹಳ್ಳಿಗರ ಹಾಡಿಗೆ ಕಿವಿಗೊಟ್ಟಾತ ಹಳ್ಳಿಗರ ಹಸಿವಿನ ವಿಷಯದಲ್ಲಿ ಬಿಗಿಯಾಗಿಯೇ ಇದ್ದರು. ಬಿಟ್ಟಿ ಗಂಜಿಗಿಂತ ಕೆಲಸ ಮೇಲು, ಮೈಯಲ್ಲಿ ಶಕ್ತಿಯಿದ್ದವನು ದುಡಿದೇ ಉಣ್ಣಬೇಕು ಎಂಬುದು ಅವರ ಮತ. ಶಕ್ತಿಯಿದ್ದವರು ಎಷ್ಟು ಮಂದಿ ಉಳಿದಿದ್ದರು ಎಂಬುದು ಬೇರೆ ಪ್ರಶ್ನೆ. ಆಡಳಿತಗಾರರಾಗಿ ಅವರು ಸಮರ್ಥರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಸೆಪ್ಟೆಂಬರಿನಲ್ಲೇ ಮಳೆಯೂ ಬಂದಿತ್ತು. ಕಛೇರಿ ಮಳೆಯ ಜೊತೆಗೆ ಬಂದಿತು; ಬರ ಅದಕ್ಕೆ ಒಂದು ವರ್ಷ ಮೊದಲೇ ಬಂದಿತ್ತು.

ಲೆಕ್ಕ ಹೀಗಿದೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412, 1881ರಲ್ಲಿ 41,86,188. ಹತ್ತು ವರ್ಷಗಳಲ್ಲಿ ಹುಟ್ಟಿದವರೆಲ್ಲ ಸೇರಿದ ಮೇಲೂ ಎಂಟೂಮುಕ್ಕಾಲು ಲಕ್ಷದಷ್ಟು ಕಡಮೆ. ಬೊಕ್ಕಸದ ಉಳಿತಾಯ ಕರಗಿ ಮೇಲೆ 80 ಲಕ್ಷ ರೂಪಾಯಿ ಸಾಲ ನಿಂತಿತು.

ಆಮೇಲೆ ನಡೆದುದನ್ನು ನಮ್ಮ ಶಾಲೆಯ ಚರಿತ್ರೆಗಳು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. 1878ರಲ್ಲಿ ಸರ್ಕಾರ ಭಾರತದ ಕ್ಷಾಮ ಆಯೋಗವನ್ನು ನೇಮಿಸಿತು. ಅದರ ಕಾರ್ಯದರ್ಶಿ ಎಲಿಯಟ್. ಸದಸ್ಯರಲ್ಲೊಬ್ಬರು ಮೈಸೂರಿನ ಸಿ. ರಂಗಾಚಾರ್ಲು. ಮೈಸೂರಿನ ಬರವನ್ನು ಕಂಡ ಇಬ್ಬರು ಅಲ್ಲಿದ್ದರು. 1880ರ ಅವರ ವರದಿಯಿಂದ ಹುಟ್ಟಿದ್ದೇ ಕ್ಷಾಮ ಸಂಹಿತೆ. ಬರ ಬಂದ ಮೇಲೆ ಓಡಾಡುವುದನ್ನು ಬಿಟ್ಟು ಬರುವ ಮೊದಲೇ ಏನೇನು ಸಿದ್ಧವಿರಬೇಕೆಂಬುದನ್ನು ಅದು ಬರೆದಿಟ್ಟಿತು: ಮಳೆ ಬೆಳೆಗಳ ವರದಿ ತಪ್ಪದೆ ಬರಬೇಕು, ಮಾಡಿಸಬೇಕಾದ ಕೆರೆ ರಸ್ತೆಗಳ ಪಟ್ಟಿ ಮೊದಲೇ ಇರಬೇಕು, ದುಡಿಯಲಾರದವರ ಹೆಸರನ್ನು ಹಳ್ಳಿಹಳ್ಳಿಯಲ್ಲಿ ಬರೆದುಕೊಳ್ಳಬೇಕು. ಧಾನ್ಯದ ಬೆಲೆ ಏರುವುದು, ಸಾಹುಕಾರ ಸಾಲ ಕೊಡದೆ ಕೈಬಿಗಿಹಿಡಿಯುವುದು, ಜನ ಗೊತ್ತುಗುರಿಯಿಲ್ಲದೆ ಅಲೆಯುವುದು, ಇವನ್ನು ಕಂಡಾಗಲೇ ಎಚ್ಚರವಾಗಬೇಕು. ಸಂಹಿತೆಯಲ್ಲಿ ಎಲಿಯಟ್‌ರ ಜಿಪುಣತನವೂ ಇದೆ, ಪರೀಕ್ಷೆಗೆಂದೇ ಇಟ್ಟ ಕಷ್ಟದ ಕೂಲಿಯಿದೆ, ಅದನ್ನು ಮರೆಮಾಚಬೇಕಾಗಿಲ್ಲ. ಆದರೂ ಆಮೇಲೆ ಇಂಡಿಯದಲ್ಲಿ ಬರ ಬಂದಾಗ ಹಲವು ಬಾರಿ ಅಧಿಕಾರಿಗಳು ತೆರೆದದ್ದು ಆ ಪುಸ್ತಕವನ್ನೇ.

ರಂಗಾಚಾರ್ಲು 1881ರಲ್ಲಿ ದಿವಾನರಾದರು, 80 ಲಕ್ಷದ ಸಾಲವೂ ಅವರ ಪಾಲಿಗೆ ಬಂದಿತು. ಅದೇ ಅಕ್ಟೋಬರಿನಲ್ಲಿ ರೈತರು, ವರ್ತಕರು ಸೇರಿ 144 ಮಂದಿಯ ಪ್ರಜಾಪ್ರತಿನಿಧಿ ಸಭೆ ಕೂಡಿತು. ಅದನ್ನು ರಾಜಕೀಯ ಸುಧಾರಣೆಯೆಂದು ಹೊಗಳುವುದು ವಾಡಿಕೆ. ಹಳ್ಳಿಯ ಸುದ್ದಿ ದಿವಾನರ ಕಿವಿಗೆ ನೇರವಾಗಿ ಬೀಳುವ ಏರ್ಪಾಡು ಬರ ನೋಡಿದವನಿಗೇ ಹೊಳೆಯಬಲ್ಲುದೆಂದು ನನಗೆ ತೋರುತ್ತದೆ.

1988ರಲ್ಲಿ ಬೆಂಗಳೂರಿನಲ್ಲಿ ಬರದ ಮೇಲೆ ಕಣ್ಣಿಡುವ ಘಟಕವೊಂದು ಆರಂಭವಾಯಿತು. ದೇಶದಲ್ಲಿ ಅದೇ ಮೊದಲನೆಯದು. 2007ರಿಂದ ಅದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿಗಳಲ್ಲಿ ಅದು ನೆಟ್ಟ ಮಳೆಮಾಪಕಗಳು ತಾವಾಗಿಯೇ ಯಲಹಂಕದ ಕಛೇರಿಗೆ ಸುದ್ದಿ ಕಳಿಸುತ್ತವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದಾಗ ಈ ಅಂಕಿಗಳೂ ಉಪಗ್ರಹದ ಚಿತ್ರಗಳೂ ಆಧಾರವಾಗಿದ್ದುವು. ಅಷ್ಟಾದರೂ ಘೋಷಣೆಗೆ ಮೊದಲು ಅಧಿಕಾರಿಗಳು ನೂರಕ್ಕೆ ಹತ್ತು ಹಳ್ಳಿಗಳಿಗೆ ಹೋಗಿ, ಹೊಲಕ್ಕಿಳಿದು, ಪೈರನ್ನು ಕಣ್ಣಾರೆ ನೋಡಿ ಬರೆದುಕೊಂಡು ಬರಬೇಕೆಂಬ ನಿಯಮವಿದೆ.